ಬಾರ್ಸಿಲೋನಾದಲ್ಲಿ ಎರಡು ದಿನ, ಒಬ್ಬಳೇ

ಹಿಂದೂಪುರದಲ್ಲಿರುವ ಅತ್ತೆಯವರಿಗೆ ಫೋನ್ ಮಾಡಿ, "ಅತ್ತೆ, ಎರಡು ದಿನ ಸ್ಪೇನ್ ದೇಶಕ್ಕೆ ಹೋಗಿ ಬರ್ತೀನಿ" ಎಂದೆ. ಅವರು ಮೊದಲು ಕೇಳಿದ್ದು "ಯಾರ ಜೊತೆಗಮ್ಮಾ?" ಎಂದು. "ಒಬ್ಬಳೇ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಮಕ್ಕಳಿಗೆ ಅಡಿಗೆ ಯಾರು ಮಾಡ್ತಾರೆ?" ಎಂದರು. "ನಿಮ್ಮ ಮಗ" ಎಂದಾಗ ಮಾತ್ರ ನಕ್ಕರು.

ನಾನು ನರ್ಸ್. ಕೆಲವು ವರ್ಷಗಳಿಂದ ಕುಟುಂಬದೊಂದಿಗೆ ಐರ್ಲೆಂಡಿನಲ್ಲಿದ್ದೇನೆ. ತವರು ಕಲ್ಯಾಣದುರ್ಗದ ಹತ್ತಿರದ ಒಂದು ಹಳ್ಳಿ, ಅತ್ತೆಮನೆ ಹಿಂದೂಪುರ. ಎರಡೂ ಊರು ಅನಂತಪುರ ಜಿಲ್ಲೆಯವೇ ಆಗಿದ್ದವು. 2022ರಲ್ಲಿ ಜಿಲ್ಲೆ ಎರಡಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗಾಗಿ ನನ್ನ ತವರು ಒಂದು ಜಿಲ್ಲೆ, ಅತ್ತೆಮನೆ ಇನ್ನೊಂದು ಜಿಲ್ಲೆ ಆಯಿತು.

ಡಬ್ಲಿನ್ ನಗರದಿಂದ ಬಾರ್ಸಿಲೋನಾಕ್ಕೆ ವಿಮಾನದಲ್ಲಿ ಎರಡೂವರೆ ಗಂಟೆ. ಆದರೂ ನಮ್ಮ ಪಾಸ್‌ಪೋರ್ಟಿನವರಿಗೆ ಬೇರೆ ವೀಸಾ ಬೇಕು. ಅದಕ್ಕಾಗಿ ಓಡಾಡಿ, ರಜೆ ಹೊಂದಿಸಿ, ಕಡೆಗೆ 2025ರ ನವೆಂಬರ್ 1ರ ಶನಿವಾರ ಹೊರಟೆ. ಅಂದು ಸಕಲ ಸಂತರ ಹಬ್ಬ. ಮರುದಿನ ಭಾನುವಾರ ಸಕಲ ಮೃತರ ಸ್ಮರಣೆ. ದಿನ ನೋಡಿ ಆರಿಸಿದ್ದಲ್ಲ, ಟಿಕೆಟ್ ಅಗ್ಗವಾಗಿತ್ತು.

ಬಾರ್ಸಿಲೋನಾವೇ ಏಕೆ ಎಂದು ಕೆಲಸದ ಕಡೆ ಗೆಳತಿಯರು ಕೇಳಿದರು. ಅವರಿಗೆ ಸಮುದ್ರ, ಬಿಸಿಲು ಎಂದು ಏನೋ ಹೇಳಿದೆ. ಬಿಸಿಲು ನೋಡಲು ಕಲ್ಯಾಣದುರ್ಗದವಳು ದುಡ್ಡು ಕೊಟ್ಟು ಹೋಗಬೇಕೆ? ನಿಜವಾದ ಕಾರಣ ನನ್ನ ಪರ್ಸಿನಲ್ಲಿದ್ದ ಒಂದು ಹಳೆಯ ಚಿತ್ರದ ಕಾರ್ಡು.

ನಮ್ಮ ಕಡೆಯ ಹಳ್ಳಿಗಳಲ್ಲಿ ಯಾವ ಜಾತಿ ಮತದವರನ್ನು ಕೇಳಿದರೂ 'ಫಾದರ್' ಎಂದರೆ ಒಬ್ಬರೇ. ವಿಸೆಂಟೆ ಫೆರರ್. 1920ರ ಏಪ್ರಿಲ್ 9ರಂದು ಬಾರ್ಸಿಲೋನಾದಲ್ಲಿ ಹುಟ್ಟಿದವರು. ಯೇಸುಸಭೆಗೆ ಸೇರಿ 1952ರಲ್ಲಿ ಮುಂಬಯಿಗೆ ಬಂದರು. ಮನ್ಮಾಡ್ ಪ್ರದೇಶದಲ್ಲಿ ಬಡ ರೈತರಿಗೆ ಬಾವಿ ತೋಡಿಸಿದರು. ಅದು ಅಲ್ಲಿನ ಕೆಲವು ದೊಡ್ಡವರಿಗೆ ಸರಿಬೀಳದೆ 1968ರಲ್ಲಿ ದೇಶ ಬಿಡಬೇಕಾಯಿತು. ಅವರು ಉಳಿಯಲಿ ಎಂದು ಸಾವಿರಾರು ರೈತರು ಮೆರವಣಿಗೆ ಹೊರಟಿದ್ದರು. 1969ರಲ್ಲಿ ಮತ್ತೆ ಭಾರತಕ್ಕೆ ಬರಲು ಅನುಮತಿ ಸಿಕ್ಕಿತು. ಬಂದು ನೆಲೆಸಿದ್ದು ನಮ್ಮ ಅನಂತಪುರದಲ್ಲಿ. ಮಳೆ ತೀರಾ ಕಡಿಮೆ ಬೀಳುವ, ಕಡಲೆಕಾಯಿ ಬಿಟ್ಟರೆ ಬೇರೆ ಬೆಳೆಗೆ ಧೈರ್ಯ ಬಾರದ ಜಿಲ್ಲೆ. 1970ರಲ್ಲಿ ಅವರು ಯೇಸುಸಭೆಯನ್ನು ಬಿಟ್ಟು ಆನ್ ಎಂಬ ಇಂಗ್ಲಿಷ್ ಪತ್ರಕರ್ತೆಯನ್ನು ಮದುವೆಯಾದರು. ಆ ಬಗ್ಗೆ ನಮ್ಮ ಹಿರಿಯರಲ್ಲಿ ಅಂದು ಮಾತು ಬಂದಿದ್ದಿರಬಹುದು. ಆದರೆ ಹಳ್ಳಿಯವರು ಮಾತ್ರ 'ಫಾದರ್' ಎನ್ನುವುದನ್ನು ಬಿಡಲೇ ಇಲ್ಲ. 2009ರ ಜೂನ್ 19ರಂದು ಅವರು ತೀರಿಕೊಂಡರು. ಬತ್ತಲಪಲ್ಲಿಯಲ್ಲಿ ಅವರ ಸಮಾಧಿಯಿದೆ.

ಅವರ ಆರ್‌ಡಿಟಿ ಸಂಸ್ಥೆಗೆ ಸ್ಪೇನ್ ದೇಶದ ಸಾವಿರಾರು ಸಾಮಾನ್ಯ ಕುಟುಂಬಗಳು ತಿಂಗಳಿಗಿಷ್ಟು ಎಂದು ಹಣ ಕಳಿಸುತ್ತಿದ್ದವು. ಒಂದೊಂದು ಕುಟುಂಬಕ್ಕೆ ಒಂದೊಂದು ಮಗುವಿನ ಹೆಸರು, ಫೋಟೋ. ಹಣ ಮಗುವಿನ ಕೈಗೆ ಬರುತ್ತಿರಲಿಲ್ಲ, ಊರಿನ ಶಾಲೆಗೆ, ಮನೆಗಳಿಗೆ, ಆಸ್ಪತ್ರೆಗೆ ಸೇರುತ್ತಿತ್ತು. ನನ್ನ ತಂಗಿಯ ಇಬ್ಬರು ಮಕ್ಕಳೂ ಹುಟ್ಟಿದ್ದು ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಯಲ್ಲಿ.

ನನ್ನ ಫೋಟೋ 1997ರಲ್ಲಿ ಬಾರ್ಸಿಲೋನಾದ ಒಬ್ಬ ತಾಯಿಗೆ ಹೋಗಿತ್ತು. ಆಗ ನಾನು ನಾಲ್ಕನೇ ಕ್ಲಾಸು. ವರ್ಷಕ್ಕೊಮ್ಮೆ ಅವರಿಗೆ ಕಾಗದ ಬರೆಯಬೇಕು. ಮಕ್ಕಳೆಲ್ಲ ಸಾಲಾಗಿ ಕೂತು ಬರೆಯುತ್ತಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಕಾಗದ ತೆಲುಗಿನಲ್ಲಿ. ನಾನು ಚೆನ್ನಾಗಿದ್ದೇನೆ, ನೀವು ಚೆನ್ನಾಗಿದ್ದೀರಾ, ಈ ವರ್ಷವೂ ಮಳೆ ಇಲ್ಲ, ನಾನು ಚೆನ್ನಾಗಿ ಓದುತ್ತಿದ್ದೇನೆ. ಇಷ್ಟೇ. ಪಕ್ಕದವಳದು ನೋಡಿ ನಾನು, ನನ್ನದು ನೋಡಿ ಅವಳು. 1999ರ ಕ್ರಿಸ್ಮಸ್ಸಿಗೆ ಆ ತಾಯಿ ಒಂದು ಚರ್ಚಿನ ಚಿತ್ರದ ಕಾರ್ಡು ಕಳಿಸಿದ್ದರು. ಜೊತೆಗೆ ತೆಲುಗು ಅನುವಾದದ ಚೀಟಿ. ಇದು ನಮ್ಮ ಮನೆಯ ಹತ್ತಿರದ ಚರ್ಚು, ಹೆಸರು ಸಾಂತಾ ಮರಿಯಾ ದೆಲ್ ಮಾರ್, ಅಂದರೆ ಸಮುದ್ರದ ಮರಿಯಮ್ಮ, ನಿನಗಾಗಿ ಅಲ್ಲಿ ಪ್ರಾರ್ಥಿಸುತ್ತೇನೆ ಎಂದಿತ್ತು. ಕೊನೆಗೊಂದು ಪ್ರಶ್ನೆ: ನಿಮ್ಮ ಮನೆಯ ಬಾಗಿಲಲ್ಲಿ ನಿಂತರೆ ಏನು ಕಾಣುತ್ತದೆ?

ನಾನು ಮುಂದಿನ ವರ್ಷವೂ ಬರೆದೆ. ನಾನು ಚೆನ್ನಾಗಿದ್ದೇನೆ, ನೀವು ಚೆನ್ನಾಗಿದ್ದೀರಾ, ಮಳೆ ಇಲ್ಲ.

ಇಂಟರ್ ಮುಗಿದ ಮೇಲೆ ಕಾಗದ ನಿಂತಿತು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ, ಸಮುದ್ರ ದಾಟಿ ಬಂದ ಮೇಲೆ ಒಂದು ರಾತ್ರಿ ಪಾಳಿಯಲ್ಲಿ ಆ ಪ್ರಶ್ನೆ ನೆನಪಾಯಿತು. ಉತ್ತರ ಕೊಟ್ಟಿಲ್ಲವಲ್ಲ ಎಂದು. ವಿಳಾಸ ನನ್ನ ಬಳಿ ಇರಲಿಲ್ಲ, ಹೆಸರಿನ ಒಂದು ಭಾಗ ಮಾತ್ರ ಗೊತ್ತು. ಕಾರ್ಡಿನಲ್ಲಿ ಚರ್ಚು ಇತ್ತು. ಹಾಗಾಗಿ ಚರ್ಚಿಗೆ ಹೋಗುವುದೆಂದು ನಿಶ್ಚಯಿಸಿದೆ.

ವಿಮಾನ ನಿಲ್ದಾಣದಿಂದ ಬಸ್ಸು ನಗರದ ನಡುವಿನ ಚೌಕಕ್ಕೆ ತಂದು ಬಿಟ್ಟಿತು. ಸಿಸ್ಟರುಗಳು ನಡೆಸುವ ಒಂದು ಸಣ್ಣ ವಸತಿಗೃಹದಲ್ಲಿ ರೂಮು ಹಿಡಿದಿದ್ದೆ. ಹತ್ತು ಸಲ ಓಡಾಡುವ ಮೆಟ್ರೋ ಟಿಕೆಟ್ ಕೊಂಡೆ. ರೈಲಿನಲ್ಲಿ ಒಬ್ಬ ಅಜ್ಜಿ ನನ್ನ ಬೆನ್ನಿನ ಚೀಲವನ್ನು ತಾನೇ ಹಿಡಿದು ಮುಂದಕ್ಕೆ ತಿರುಗಿಸಿ, ಬೆರಳಾಡಿಸಿ ಜೇಬುಗಳ್ಳರ ಸಂಜ್ಞೆ ಮಾಡಿದರು. ಒಂದೇ ಒಂದು ಮಾತು ಅರ್ಥವಾಗಲಿಲ್ಲ, ವಿಷಯ ಪೂರಾ ಅರ್ಥವಾಯಿತು. ಒಬ್ಬಳೇ ಹೋದರೆ ಇದೊಂದು ಲಾಭ. ಜೊತೆಯಲ್ಲಿ ನಮ್ಮವರಿದ್ದರೆ ಊರಿನ ಅಜ್ಜಿಯರು ಮಾತಾಡಿಸುವುದಿಲ್ಲ.

ಇಲ್ಲಿಯೂ ಎರಡು ಭಾಷೆ. ಬೋರ್ಡುಗಳ ಮೇಲೆ ಮೊದಲು ಕತಲಾನ್, ಆಮೇಲೆ ಸ್ಪ್ಯಾನಿಷ್. ಮನೆಯಲ್ಲೊಂದು, ಕಚೇರಿಯಲ್ಲೊಂದು ಮಾತಾಡುವುದು ಗಡಿಯ ಹಳ್ಳಿಯಲ್ಲಿ ಬೆಳೆದ ನನಗೆ ಹೊಸದಲ್ಲ. ಲೇಪಾಕ್ಷಿಗೆ ಹೋಗಿದ್ದಾಗ ದೇವಸ್ಥಾನದ ಗೋಡೆಯ ಕನ್ನಡ ಶಾಸನಗಳನ್ನು ಅತ್ತೆಯವರು ಬೆರಳಿಟ್ಟು ತೋರಿಸಿದ್ದು ನೆನಪಾಯಿತು.

ಅಂದು ಸಂಜೆ ನಾಲ್ಕಕ್ಕೆ ಸಗ್ರಾದಾ ಫಮಿಲಿಯಾ, ಅಂದರೆ ಪವಿತ್ರ ಕುಟುಂಬದ ದೇವಾಲಯ. ಟಿಕೆಟ್ ಮೊದಲೇ ಕಾದಿರಿಸಬೇಕು. ಬೆಲೆ ಸುಮಾರು 26 ಯೂರೋ, ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. ದೇವಾಲಯ ನೋಡಲು ದುಡ್ಡೇ ಎಂದು ಮೊದಲು ಮನಸ್ಸಿಗೆ ಮುಜುಗರವಾಯಿತು. ಆಮೇಲೆ ತಿಳಿಯಿತು, ಇದು ಮೊದಲಿನಿಂದಲೂ ಜನರ ಕಾಣಿಕೆಯಿಂದಲೇ ಏಳುತ್ತಿರುವ ದೇವಾಲಯ, ಈಗ ಟಿಕೆಟ್ ಹಣವೇ ಮುಖ್ಯ ಕಾಣಿಕೆ ಎಂದು. 1882ರ ಮಾರ್ಚ್ 19, ಸಂತ ಜೋಸೆಫರ ಹಬ್ಬದಂದು ಅಡಿಗಲ್ಲು ಬಿತ್ತು. ಯೋಚನೆ ಹಾಕಿದವರು ಬೊಕಾಬೆಲ್ಯಾ ಎಂಬ ಪುಸ್ತಕದಂಗಡಿಯವರು. ಮರುವರ್ಷ ಕೆಲಸ ಅಂತೋನಿ ಗೌದಿ ಎಂಬ ವಾಸ್ತುಶಿಲ್ಪಿಯ ಕೈಗೆ ಬಂತು. ಅವರು ಸಾಯುವ ತನಕ, 43 ವರ್ಷ, ಇದನ್ನೇ ಕಟ್ಟಿದರು. ಆದರೂ ಅವರ ಕಣ್ಣಮುಂದೆ ಎದ್ದದ್ದು ಸ್ವಲ್ಪ ಭಾಗವೇ.

ನಾನು ಹೋಗುವ ಎರಡು ದಿನ ಮೊದಲು, ಅಕ್ಟೋಬರ್ 30ರಂದು, ನಡುವಿನ ಯೇಸುಸ್ವಾಮಿಯ ಗೋಪುರಕ್ಕೆ ಒಂದು ತುಂಡು ಕೂರಿಸಿ ಎತ್ತರ 162.91 ಮೀಟರ್ ಆಗಿತ್ತು. ಜರ್ಮನಿಯ ಉಲ್ಮ್ ಚರ್ಚನ್ನು ಮೀರಿ ಜಗತ್ತಿನಲ್ಲೇ ಅತಿ ಎತ್ತರದ ಚರ್ಚ್ ಎನಿಸಿತ್ತು. ಶಿಲುಬೆ ಸೇರಿದರೆ 172.5 ಮೀಟರ್ ಎಂಬುದು ನಕ್ಷೆಯಾಗಿತ್ತು. ಪಕ್ಕದ ಮೊಂಜುಯಿಕ್ ಬೆಟ್ಟ ಅದಕ್ಕಿಂತ ಸ್ವಲ್ಪ ಎತ್ತರ. ಮನುಷ್ಯನ ಕೆಲಸ ದೇವರ ಕೆಲಸಕ್ಕಿಂತ ಎತ್ತರ ಹೋಗಬಾರದೆಂದು ಗೌದಿಯವರೇ ಹಾಗೆ ಇಟ್ಟರಂತೆ. ಕ್ರೇನುಗಳು ಮೇಲೆ ನಿಂತೇ ಇದ್ದವು.

ಒಳಗೆ ಹೋದವಳು ಸ್ವಲ್ಪ ಹೊತ್ತು ತಲೆ ಎತ್ತಿಯೇ ನಿಂತುಬಿಟ್ಟೆ. ಕಂಬಗಳು ಮೇಲೆ ಹೋಗುತ್ತಾ ಕೊಂಬೆಗಳಾಗಿ ಒಡೆಯುತ್ತವೆ. ಕದಿರಿಯ ಹತ್ತಿರದ ತಿಮ್ಮಮ್ಮನ ಆಲದ ಮರದ ಕೆಳಗೆ ನಿಂತವರಿಗೆ ನಾನು ಹೇಳುವುದು ಅರ್ಥವಾದೀತು. ಕಂಬ ಯಾವುದು, ಬಿಳಲು ಯಾವುದು ಎಂದು ಹುಡುಕುತ್ತೇವಲ್ಲ, ಹಾಗೆ. ಬೆಳಗಿನ ಕಡೆಯ ಗಾಜುಗಳು ನೀಲಿ, ಹಸಿರು. ಸಂಜೆಯ ಕಡೆಯವು ಕೆಂಪು, ಕಿತ್ತಳೆ. ಇಳಿಹೊತ್ತಿನ ಸೂರ್ಯ ಆ ಕೆಂಪಿನಿಂದ ಹಾಯ್ದು, ಪಕ್ಕದಲ್ಲಿ ನಿಂತಿದ್ದ ಒಂದು ಮಗುವಿನ ಬಿಳಿ ಅಂಗಿಯೆಲ್ಲ ಕುಂಕುಮದ ಬಣ್ಣ. 2010ರ ನವೆಂಬರ್ 7ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಇದನ್ನು ಪವಿತ್ರೀಕರಿಸಿದರು. ಅಲ್ಲಿಯವರೆಗೆ ಮೇಲಿನ ದೇವಾಲಯದಲ್ಲಿ ನಿತ್ಯಪೂಜೆ ಇರಲಿಲ್ಲ.

ಲೇಪಾಕ್ಷಿಯ ಕಲ್ಯಾಣಮಂಟಪವೂ ಮುಗಿಯದೆ ನಿಂತದ್ದೇ. ಖಜಾನೆಯ ಹಣವನ್ನೆಲ್ಲ ಸುರಿದ ವಿರೂಪಣ್ಣ ಅರಸನ ಶಿಕ್ಷೆಗೆ ಕಾಯದೆ ತನ್ನ ಕಣ್ಣನ್ನು ತಾನೇ ಕಿತ್ತುಕೊಂಡನೆಂಬ ಕಥೆ ಹಿಂದೂಪುರದ ಮಕ್ಕಳಿಗೆಲ್ಲ ಗೊತ್ತು. ಗೋಡೆಯ ಕೆಂಪು ಕಲೆಯನ್ನೂ ತೋರಿಸುತ್ತಾರೆ. ಇಲ್ಲಿ ಖಜಾನೆಯೇ ಇಲ್ಲ. ಹಣ ಬಂದಷ್ಟು ಕಟ್ಟು, ನಿಂತಾಗ ನಿಲ್ಲಿಸು. 140 ವರ್ಷವಾದರೂ ಯಾರ ಕಣ್ಣೂ ಹೋಗಿಲ್ಲ.

ದೇವಾಲಯದ ಮೂಲೆಯಲ್ಲಿ ಅಲೆ ಅಲೆಯಾದ ಮಾಳಿಗೆಯ ಒಂದು ಸಣ್ಣ ಕಟ್ಟಡವಿದೆ. ಪ್ರವಾಸಿಗರು ಅದನ್ನು ಅಷ್ಟಾಗಿ ನೋಡುವುದಿಲ್ಲ. ಇಲ್ಲಿ ಕೆಲಸ ಮಾಡುವ ಕೂಲಿಯವರ ಮತ್ತು ಸುತ್ತಲ ಬಡವರ ಮಕ್ಕಳಿಗೆಂದು ಗೌದಿಯವರು 1909ರಲ್ಲಿ ಕಟ್ಟಿಸಿದ ಶಾಲೆ. ನಾನು ದೇವಾಲಯದ ಫೋಟೋಕ್ಕಿಂತ ಅದರ ಫೋಟೋಗಳನ್ನೇ ಹೆಚ್ಚು ತೆಗೆದಿದ್ದೇನೆಂದು ಆಮೇಲೆ ಮನೆಯವರು ನಕ್ಕರು.

ಆ ರಾತ್ರಿ ಬೀದಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿ ಮಾರುತ್ತಿದ್ದರು. ಸಂತರ ಹಬ್ಬಕ್ಕೆ ಇಲ್ಲಿ ಅದೇ ತಿಂಡಿ. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಕೊಟ್ಟರು. ಕೈಗೆ ಹುರಿದ ಕಡಲೆಕಾಯಿಯ ಹಾಗೆ, ಬಾಯಿಗೆ ಗೆಣಸಿನ ಹಾಗೆ.

ಭಾನುವಾರ ಬೆಳಗ್ಗೆ ಪ್ರಧಾನಾಲಯದಲ್ಲಿ ಪೂಜೆ. ನಗರದ ಪಾಲಕಿ ಸಂತ ಎವುಲಾಲಿಯಾ, 13ರ ವಯಸ್ಸಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಹುಡುಗಿ. ಆ ನೆನಪಿಗೆ ಒಳ ಅಂಗಳದಲ್ಲಿ 13 ಬಿಳಿ ಹೆಬ್ಬಾತುಗಳನ್ನು ಸಾಕುತ್ತಾರೆ. ಪೂಜೆ ಮುಗಿದು ಹೊರಬಂದರೆ ಅವುಗಳ ಗಲಾಟೆ! ಮಕ್ಕಳಿಗೆ ವಿಡಿಯೋ ಕಳಿಸಿದೆ.

ಅಲ್ಲಿಂದ ನಡೆದು ಹಳೆಯ ಸಾಂತಾ ಕ್ರೇವ್, ಅಂದರೆ ಪವಿತ್ರ ಶಿಲುಬೆಯ ಆಸ್ಪತ್ರೆಯ ಅಂಗಳಕ್ಕೆ ಹೋದೆ. 1401ರಲ್ಲಿ ಶುರುವಾದದ್ದು, ಈಗ ಕಟ್ಟಡದಲ್ಲಿ ಗ್ರಂಥಾಲಯವಿದೆ. ಪ್ರವಾಸದ ಪಟ್ಟಿಗಳಲ್ಲಿ ಇದು ಕೆಳಗೆಲ್ಲೋ ಇರುತ್ತದೆ. ನರ್ಸಾದ ನನಗೆ ಇದೇ ದೊಡ್ಡ ಜಾಗ. 1926ರ ಜೂನ್ 7ರಂದು ಗೌದಿಯವರು ಎಂದಿನಂತೆ ಸಂಜೆ ಪ್ರಾರ್ಥನೆಗೂ ಪಾಪನಿವೇದನೆಗೂ ಚರ್ಚಿಗೆ ನಡೆದು ಹೋಗುತ್ತಿದ್ದರು. ಟ್ರಾಮ್ ಬಡಿಯಿತು. ಹಳೆಯ ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಭಿಕ್ಷುಕನೆಂದು ತಿಳಿದು ಬೇಗ ಯಾರೂ ಕೊಂಡೊಯ್ಯಲಿಲ್ಲ. ಕಡೆಗೆ ತಂದದ್ದು ಬಡವರ ಈ ಆಸ್ಪತ್ರೆಗೆ. ಮರುದಿನ ದೇವಾಲಯದ ಗುರುಗಳು ಹುಡುಕಿಕೊಂಡು ಬಂದು ಗುರುತು ಹಿಡಿದರು. ಜೂನ್ 10ರಂದು, 73ರ ವಯಸ್ಸಿನಲ್ಲಿ ಇಲ್ಲೇ ತೀರಿಕೊಂಡರು. ಅಂತಿಮಯಾತ್ರೆಗೆ ಇಡೀ ನಗರವೇ ಬೀದಿಗೆ ಬಂದಿತ್ತಂತೆ. ದೇವಾಲಯದ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. 2025ರ ಏಪ್ರಿಲಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು 'ಪೂಜ್ಯ' ಎಂದು ಘೋಷಿಸಿದರು, ಸಂತ ಪದವಿಯ ಹಾದಿಯಲ್ಲಿ ಅದೊಂದು ಮೆಟ್ಟಿಲು.

ಹೆಸರು ಗೊತ್ತಿಲ್ಲದ ರೋಗಿಯನ್ನು ನಾನೂ ನೋಡಿಕೊಂಡಿದ್ದೇನೆ. ಚಾರ್ಟಿನಲ್ಲಿ 'ಅಪರಿಚಿತ' ಎಂದು ಬರೆದಿರುತ್ತದೆ. ಕೈ ಒರೆಸುವಾಗ ಏನೆಂದು ಕರೆಯುವುದು? ನಾನು "ಅಣ್ಣಾ" ಎಂದುಬಿಡುತ್ತೇನೆ, ಕನ್ನಡದಲ್ಲೇ. ಅಂದು ಇಲ್ಲಿ ಪಾಳಿಯಲ್ಲಿದ್ದವರು ಆ ಮುದುಕರನ್ನು ಏನೆಂದು ಕರೆದಿರಬಹುದೋ. ಅಂಗಳದಲ್ಲಿ ಕಿತ್ತಳೆ ಗಿಡಗಳ ನಡುವೆ ಅರ್ಧ ಗಂಟೆ ಕೂತಿದ್ದೆ.

ಮಧ್ಯಾಹ್ನ ಊಟಕ್ಕೆ ಅವರ ಟೊಮೆಟೋ ರೊಟ್ಟಿ. ಬ್ರೆಡ್ಡಿನ ಮೇಲೆ ಹಸಿ ಟೊಮೆಟೋ ಉಜ್ಜಿ, ಆಲಿವ್ ಎಣ್ಣೆ, ಉಪ್ಪು. ಇಷ್ಟಕ್ಕೆ ಇಷ್ಟು ಹೆಸರೇ ಎನಿಸಿತು. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಬೇರೆ ಮಾತು.

ಸಂಜೆ ಕಾರ್ಡನ್ನು ಕೈಯಲ್ಲಿ ಹಿಡಿದು ಹಳೆಯ ಓಣಿಗಳಲ್ಲಿ ನಡೆದೆ. ಒಂದು ತಿರುವಿನಲ್ಲಿ ಅದೇ ಮುಖ, ಅದೇ ದುಂಡು ಕಿಟಕಿ. ಕಾರ್ಡಿನಲ್ಲಿ ಆಕಾಶ ಹೆಚ್ಚು ನೀಲಿ.

ಸಾಂತಾ ಮರಿಯಾ ದೆಲ್ ಮಾರ್ ಚರ್ಚನ್ನು ಅರಸರು ಕಟ್ಟಿಸಿದ್ದಲ್ಲ, ಬಂದರಿನ ಕೇರಿಯ ಜನರೇ ಕಟ್ಟಿದ್ದು. 1329ರಲ್ಲಿ ಶುರುವಾಗಿ 1383ರಲ್ಲಿ, 54 ವರ್ಷಕ್ಕೇ ಮುಗಿಯಿತು. ಆ ಕಾಲಕ್ಕೆ ಅದು ಬಹಳ ಬೇಗ. ಹಡಗಿನ ಸರಕು ಹೊರುವ ಹಮಾಲರು ಮೊಂಜುಯಿಕ್ ಬೆಟ್ಟದ ಕಲ್ಲುಗಣಿಯಿಂದ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದರು, ಅದೂ ಕೂಲಿಯಿಲ್ಲದೆ ಎನ್ನುತ್ತಾರೆ. ಅದಕ್ಕೇ ಹೆಬ್ಬಾಗಿಲ ಮೇಲೆ ಅರಸನಿಲ್ಲ, ದಾನಿಯಿಲ್ಲ. ಬೆನ್ನು ಬಾಗಿಸಿ ಹೊರೆ ಹೊತ್ತ ಇಬ್ಬರು ಹಮಾಲರ ಪುಟ್ಟ ಕಂಚಿನ ಬೊಂಬೆಗಳಿವೆ.

ಅದನ್ನು ನೋಡಿ ನನಗೆ ಅಮ್ಮ ನೆನಪಾದಳು. ಬರಗಾಲದ ವರ್ಷಗಳಲ್ಲಿ ಗುಡ್ಡದ ಬುಡದಲ್ಲಿ ಬದು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಹಳೆ ಸೀರೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಕಲ್ಲು. ಸಂಜೆ ಬಂದು ಕುತ್ತಿಗೆ ಒತ್ತಲು ನನ್ನನ್ನೇ ಕೂಗುತ್ತಿದ್ದಳು. ಇದೆಲ್ಲ ಕಾಗದದಲ್ಲಿ ಬರೆಯುವ ವಿಷಯ ಎಂದು ನನಗೆ ಹೊಳೆದಿರಲೇ ಇಲ್ಲ. ಬಡತನ ಹೇಳಿಕೊಂಡ ಹಾಗಾಗುತ್ತದೆ ಎಂಬ ನಾಚಿಕೆಯೂ ಇದ್ದಿರಬೇಕು.

ಒಳಗೆ ಅಲಂಕಾರ ಬಹಳ ಕಡಿಮೆ. 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಇದಕ್ಕೆ ಬೆಂಕಿ ಇಟ್ಟರು, 11 ದಿನ ಉರಿಯಿತು. ಹಳೆಯ ಪೀಠಗಳೂ ಚಿತ್ರಗಳೂ ಸುಟ್ಟುಹೋದವು. ಉಳಿದದ್ದು ಆ ಹಮಾಲರು ಹೊತ್ತ ಕಲ್ಲು. ಎತ್ತರದ ತೆಳು ಕಂಬಗಳು, ನಡುವೆ ತುಂಬಾ ಜಾಗ, ಮುಂದೆ ಒಬ್ಬಳೇ ಮಾತೆ ಮರಿಯಮ್ಮ, ಅವರ ಪಾದದ ಬಳಿ ಒಂದು ಪುಟ್ಟ ಹಡಗು. ನಿನ್ನೆಯ ದೇವಾಲಯ ಬೆರಗುಗೊಳಿಸಿತ್ತು, ಇಲ್ಲಿ ಕೂರಬೇಕೆನಿಸಿತು.

ಮೃತರ ಸ್ಮರಣೆಯ ಪೂಜೆಗೆ ಹೆಚ್ಚಾಗಿ ವಯಸ್ಸಾದವರೇ ಬಂದಿದ್ದರು. ಬೂದು ಕೂದಲಿನ, ಕೋಟು ಹಾಕಿದ ತಾಯಂದಿರು. 1997ರಲ್ಲಿ ಆ ತಾಯಿಗೆ ಎಷ್ಟು ವಯಸ್ಸೋ ನನಗೆ ಗೊತ್ತಿಲ್ಲ. ಇವರಲ್ಲೇ ಒಬ್ಬರಿರಬಹುದು, ಅಥವಾ ಇಂದು ಸ್ಮರಿಸುವವರ ಸಾಲಿನಲ್ಲಿರಬಹುದು. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಅವರು ಕತಲಾನಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ, ಒಟ್ಟಿಗೇ ಮುಗಿಯಿತು. ಸಮಾಧಾನದ ವಂದನೆಯ ಹೊತ್ತಿಗೆ ಮುಂದಿನ ಸಾಲಿನ ಅಜ್ಜಿ ಹಿಂತಿರುಗಿ ನನ್ನ ಎರಡೂ ಕೈ ಹಿಡಿದರು. ಕೇಳಲೇ ಎನಿಸಿತು. ಭಾಷೆ ಬರಲಿಲ್ಲ.

ಪೂಜೆಯಾದ ಮೇಲೆ ಎರಡು ಮೇಣದಬತ್ತಿ ಹಚ್ಚಿದೆ. ಒಂದು ಆ ತಾಯಿಗೆ, ಬದುಕಿದ್ದರೂ ಸರಿ, ಇಲ್ಲದಿದ್ದರೂ ಸರಿ. ಇನ್ನೊಂದು ಬತ್ತಲಪಲ್ಲಿಯಲ್ಲಿ ಮಲಗಿರುವ ಫಾದರಿಗೆ, ಅವರು ಹುಟ್ಟಿದ ಊರಿನಲ್ಲಿ. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು, ಪ್ರವಾಸಿಗರಿಗೆ ಕೊಡುವ ನಕ್ಷೆಯ ಹಿಂಬದಿಯ ಖಾಲಿ ಜಾಗದಲ್ಲಿ ಬರೆದೆ. ಅನುವಾದ ಮಾಡುವವರು ಪಕ್ಕದಲ್ಲಿ ಇಲ್ಲದ್ದರಿಂದ ಕನ್ನಡದಲ್ಲೇ.

ಅಮ್ಮಾ, ನಮ್ಮ ಮನೆಯ ಬಾಗಿಲಲ್ಲಿ ನಿಂತರೆ ಮೊದಲು ಒಂದು ಹುಣಸೆ ಮರ ಕಾಣುತ್ತದೆ. ಅದರಾಚೆ ಕಡಲೆಕಾಯಿ ಹೊಲ. ಮಳೆ ಬಂದ ವರ್ಷ ಹಸಿರು, ಬಾರದ ವರ್ಷ ಮಣ್ಣಿನ ಬಣ್ಣ. ಹೊಲದ ಕೊನೆಯಲ್ಲಿ ನೀರು ಬತ್ತಿದ ಒಂದು ಬಾವಿ. ಆಮೇಲೆ ಬರೀ ಬಂಡೆಯ ಗುಡ್ಡ. ಅದರ ಆಚೆ ಏನಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಸಂಜೆ ಐದೂವರೆಗೆ ಆ ಗುಡ್ಡದ ಕಡೆಯಿಂದ ಹೆಂಗಸರು ಸಾಲಾಗಿ ಇಳಿದು ಬರುತ್ತಾರೆ. ದೂರದಿಂದ ಮುಖ ಕಾಣುವುದಿಲ್ಲ. ಮೂರನೆಯವಳು ನಮ್ಮಮ್ಮ. ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾಳೆ, ಅದರಿಂದ ಗೊತ್ತಾಗುತ್ತದೆ.